ಗೆಂಗ್ ಅತ್ತಿಗೆಯ ಹತ್ತರ ಕಾಸು

ನಮ್ಮ ಕೈಫೆಂಗ್ ಪಟ್ಟಣದಲ್ಲಿ ನೂರು ಎಂದರೆ ನೂರಲ್ಲ. ಸರ್ಕಾರದ ಖಜಾನೆಯಲ್ಲಿ ಎಪ್ಪತ್ತೇಳು ಕಾಸು ದಾರಕ್ಕೆ ಪೋಣಿಸಿದರೆ ಅದು ನೂರು. ನನ್ನಂಥ ಬೀದಿ ವ್ಯಾಪಾರಿಗೆ ಎಪ್ಪತ್ತೈದು. ಮೀನು, ಮಾಂಸ, ಸೊಪ್ಪಿನವರಿಗೆ ಎಪ್ಪತ್ತೆರಡು. ಮನೆಗೆಲಸಕ್ಕೆ ಹೆಣ್ಣಾಳು ಗೊತ್ತು ಮಾಡಿಕೊಳ್ಳುವವರಿಗೆ ಇನ್ನೂ ಕಡಿಮೆ. ಅಂಥ ಹತ್ತು ನೂರು ಸೇರಿದರೆ ಒಂದು ಸರ. ತಾಮ್ರಕ್ಕೆ ಬರ ಬಂದಿದ್ದ ಯಾವುದೋ ಕಾಲದಲ್ಲಿ ಶುರುವಾದದ್ದಂತೆ, ಯಾರು ಶುರು ಮಾಡಿದರೋ ಅವರಿಗೇ ಗೊತ್ತು. ಹಳ್ಳಿಯಿಂದ ಬಂದವರು ಮೊದಮೊದಲು ಜಗಳ ಆಡುತ್ತಾರೆ, ಆಮೇಲೆ ತಾವೂ ಹಾಗೇ ಎಣಿಸುತ್ತಾರೆ. ಗೆಂಗ್ ಅತ್ತಿಗೆ ಮಾತ್ರ ಒಂದು ಚಳಿಗಾಲ ಪೂರ್ತಿ ಜಗಳ ಆಡಿದಳು.

ಆಕೆ ಬಂದದ್ದು ಸೀಚೌ ಕಡೆಯ ಹಳ್ಳಿಯಿಂದ. ಬಿಯೆನ್ ಕಾಲುವೆ ಹೋಗಿ ದೊಡ್ಡ ಹೊಳೆ ಸೇರುವ ಜಾಗ ಅದು. ಗಂಡ ಗೆಂಗ್ ವೂ ಅಕ್ಕಿಯ ದೋಣಿಗಳನ್ನು ದಡದ ಮೇಲಿನಿಂದ ಹಗ್ಗ ಕಟ್ಟಿ ಎಳೆಯುವ ಕೂಲಿ. ಹೆಗಲು ಸವೆದು ಹೋದ ಮೇಲೆ ಗಂಡ ಹೆಂಡತಿ ಪೂರ್ವದ ನೀರುಬಾಗಿಲ ಹತ್ತಿರ ಒಂದು ಕೋಣೆ ಬಾಡಿಗೆಗೆ ಹಿಡಿದು ಮೀನು ಮಾರಲು ಕೂತರು. ಮಕ್ಕಳಿರಲಿಲ್ಲ. ಅಗಲವಾದ ಮರದ ತೊಟ್ಟಿಯಲ್ಲಿ ನೀರು ತುಂಬಿ, ಜೀವ ಇರುವ ಮೀನುಗಳ ಕಿವಿರಿಗೆ ಎಳೆಯ ಕಡ್ಡಿ ಪೋಣಿಸಿ ಬಿಟ್ಟಿರುತ್ತಿದ್ದರು. ನಾನು ಕುರಿತಲೆಯ ಸಾರು ಮಾರುವವನು. ನನ್ನ ಒಲೆಗೂ ಅವರ ತೊಟ್ಟಿಗೂ ನಡುವೆ ಇದ್ದದ್ದು ಒಂದು ಚರಂಡಿ. ಅವರ ಮೀನಿನ ನೀರು ನನ್ನ ಒಲೆಯ ಬುಡಕ್ಕೆ ಹರಿಯುತ್ತಿತ್ತು, ನನ್ನ ಹೊಗೆ ಅವರ ಕಣ್ಣಿಗೆ ಹೋಗುತ್ತಿತ್ತು. ಇದರ ಮೇಲೆ ದಿನಕ್ಕೊಂದು ಸಲವಾದರೂ ಮಾತಿಗೆ ಮಾತು ಬೆಳೆಯುತ್ತಿತ್ತು.

ಎಪ್ಪತ್ತೆರಡರ ಜಗಳ ಊರಿಗೇ ಗೊತ್ತಾಯಿತು. ಮದ್ಯದಂಗಡಿಯ ಅಡುಗೆಯವನು ನೂರು ಕಾಸಿನ ಮೀನು ಕೊಂಡು ಎಪ್ಪತ್ತೆರಡರ ದಾರ ಇಟ್ಟ. ಗೆಂಗ್ ಅತ್ತಿಗೆ ಎಣಿಸಿದಳು, ಮತ್ತೆ ಎಣಿಸಿದಳು, ಆಮೇಲೆ ಕತ್ತಿ ತೆಗೆದು ಮೀನಿನ ತಲೆ ಬಾಲ ಎರಡನ್ನೂ ಕಡಿದು ತನ್ನ ತೊಟ್ಟಿಗೆ ಹಾಕಿಕೊಂಡಳು.

"ನೀವು ಎಪ್ಪತ್ತೆರಡನ್ನ ನೂರು ಅಂತೀರಿ. ನಾನು ನಡುವಿನ ತುಂಡನ್ನ ಮೀನು ಅಂತೀನಿ. ತಗೊಂಡು ಹೋಗಿ."

ಸಂತೆಯೆಲ್ಲ ನಕ್ಕಿತು. ಆದರೆ ತಲೆಯಿಲ್ಲದ ಮೀನನ್ನು ಯಾರು ಎಷ್ಟು ದಿನ ಕೊಳ್ಳುತ್ತಾರೆ. ವಸಂತ ಬರುವಷ್ಟರಲ್ಲಿ ಆಕೆಯೂ ದಾರಿಗೆ ಬಂದಳು. ಬಂದ ಮೇಲೆ ಆಕೆಯಷ್ಟು ಚುರುಕಾಗಿ ಎಣಿಸುವವರು ನಮ್ಮ ದಡದಲ್ಲೇ ಇರಲಿಲ್ಲ. ಒದ್ದೆ ಬೆರಳಿನ ನಡುವೆ ದಾರವನ್ನು ಒಮ್ಮೆ ಎಳೆದರೆ ಸಾಕು, ಒಂದು ಕಾಸು ಕಡಿಮೆ ಇದ್ದರೂ, ಒಂದು ಕಾಸು ಸೀಸ ಬೆರೆಸಿದ ಖೋಟಾ ಇದ್ದರೂ ಹೇಳಿಬಿಡುತ್ತಿದ್ದಳು.

ಬೇಸಿಗೆಯ ಜ್ವರ ಬಂದ ವರ್ಷ ಗೆಂಗ್ ವೂ ಮಲಗಿದವನು ಏಳಲಿಲ್ಲ. ಸಾಯುವ ಹೊತ್ತಿಗೆ ನಾನೂ ಅಲ್ಲೇ ಇದ್ದೆ. ಅವನು ಕೇಳಿದ್ದು ಒಂದೇ.

"ನನ್ನ ಸುಡಿಸಬೇಡ ಕಣೆ. ಊರಿಗೆ ಕರ್ಕೊಂಡೋಗಿ ಅಮ್ಮನ ಕಾಲ ಹತ್ರ ಮಣ್ಣು ಮಾಡು."

ಪಟ್ಟಣದಲ್ಲಿ ಬಡವರಿಗೆ ಎಲ್ಲಿಯ ಜಾಗ, ಇಲ್ಲಿ ದಿನಾ ಎಷ್ಟೋ ಹೆಣ ಸುಡುತ್ತಾರೆ, ಬೂದಿಯನ್ನು ವಿಹಾರದ ಕೊಳಕ್ಕೆ ಚೆಲ್ಲುತ್ತಾರೆ. ಸೀಚೌ ಕಡೆಯವರಿಗೆ ಅದು ಆಗದು. ಅಲ್ಲಿ ಹಿಂದೆ ಮುಂದೆ ಯಾರೂ ಇಲ್ಲದ ಹೆಣಕ್ಕೆ ಮಾತ್ರ ಬೆಂಕಿ. ಹೆಂಡತಿ ಇದ್ದೂ ಸುಟ್ಟರೆಂದರೆ ಅದಕ್ಕಿಂತ ದೊಡ್ಡ ಅವಮಾನ ಅವನಿಗೆ ಇರಲಿಲ್ಲ. ಆಕೆ ಆಗಲಿ ಎಂದು ಮಾತು ಕೊಟ್ಟಳು. ಕೈಯಲ್ಲಿದ್ದದ್ದನ್ನೆಲ್ಲ ಸುರಿದು ಒಳ್ಳೆಯ ದೇವದಾರು ಹಲಗೆಯ ಪೆಟ್ಟಿಗೆ ಮಾಡಿಸಿದಳು. ಊರಿಗೆ ಒಯ್ಯುವ ತನಕ ಪೆಟ್ಟಿಗೆಯನ್ನು ಕೋಟೆಯ ಹೊರಗಿನ ಒಂದು ಸಣ್ಣ ವಿಹಾರದಲ್ಲಿ ಇಟ್ಟಳು. ಅಂಥ ಪೆಟ್ಟಿಗೆಗಳು ಅಲ್ಲಿ ಹಿಂದಿನ ಕೊಟ್ಟಿಗೆಯ ತುಂಬ ಇದ್ದವು, ಇಟ್ಟಿಗೆಗಳ ಮೇಲೆ, ಒಂದೊಂದಕ್ಕೂ ಹೆಸರಿನ ಕಾಗದ ಅಂಟಿಸಿಕೊಂಡು, ಊರಿಗೆ ಹೋಗಲು ಕಾಯುತ್ತ.

ಅಮಾವಾಸ್ಯೆ ಹುಣ್ಣಿಮೆಗೆ ಆಕೆ ಒಂದು ಬಟ್ಟಲು ಅನ್ನ, ಒಂದು ಗುಟುಕು ಮದ್ಯ ಹಿಡಿದು ಅಲ್ಲಿಗೆ ಹೋಗುತ್ತಿದ್ದಳು. ಪೆಟ್ಟಿಗೆಯ ಮುಂದೆ ಕೂತು ಮೀನಿನ ಧಾರಣೆ ಹೇಳುತ್ತಿದ್ದಳಂತೆ, ನನ್ನ ಹೊಗೆಯ ಬಗ್ಗೆ ಚಾಡಿ ಹೇಳುತ್ತಿದ್ದಳಂತೆ. ಬದುಕಿದ್ದಾಗ ಅವನು ಇಷ್ಟು ಕೇಳಿಸಿಕೊಂಡಿರಲಿಲ್ಲ ಎಂದು ಆಕೆಯೇ ನಗುತ್ತ ಹೇಳುತ್ತಿದ್ದಳು.

ಊರಿಗೆ ಒಯ್ಯಲು ದೋಣಿ ಬೇಕು. ಹೆಣ ಹತ್ತಿಸಿದ ದೋಣಿಗೆ ಬೇರೆಯವರು ಸರಕು ಹಾಕುವುದಿಲ್ಲ, ಆದ್ದರಿಂದ ದೋಣಿ ಪೂರ್ತಿ ಬಾಡಿಗೆಗೆ ಹಿಡಿಯಬೇಕು. ಸೀಚೌನ ಮೆಂಗ್ ಎಂಬ ದೋಣಿಯವನು ಅಕ್ಕಿ ತಂದು ಇಲ್ಲಿ ಇಳಿಸಿ ಖಾಲಿ ಹೋಗುತ್ತಿದ್ದ. ಅವನು ಇಪ್ಪತ್ತು ಸರ ಕೇಳಿದ, ಬೀದಿ ಲೆಕ್ಕದಲ್ಲಿ, ಅಂದರೆ ನೂರಕ್ಕೆ ಎಪ್ಪತ್ತೈದರಂತೆ. ಮೀನು ಮಾರುವ ಹೆಂಗಸಿಗೆ ಇಪ್ಪತ್ತು ಸರ ಎಂದರೆ ಬೆಟ್ಟ. ಆಕೆ ಸರಿ ಎಂದಳು.

ಅಂದಿನಿಂದ ಆಕೆ ಹೊಟ್ಟೆ ಬಟ್ಟೆ ಕಟ್ಟಿ ಕೂಡಿಟ್ಟಳು. ಬೆಳಿಗ್ಗೆ ನವಣೆ ಗಂಜಿ, ಸಂಜೆ ಮಾರದೆ ಉಳಿದ ಮೀನಿನ ತಲೆ. ನನ್ನ ಅಂಗಡಿಯ ಮುಂದೆ ಹಾಯುವಾಗ ಮೂಗು ಮುಚ್ಚಿಕೊಳ್ಳುತ್ತಿದ್ದಳು. ವಾಸನೆ ಅಷ್ಟು ಕೆಟ್ಟದಾಗಿದೆಯೇ ಎಂದರೆ, ಒಳ್ಳೆಯದಾಗಿದೆ, ಅದಕ್ಕೇ ಮುಚ್ಚಿಕೊಂಡೆ ಎನ್ನುತ್ತಿದ್ದಳು.

ಆ ವರ್ಷಗಳಲ್ಲೇ ಆಸ್ಥಾನದವರು ಹತ್ತರ ಕಾಸು ಹೊರಡಿಸಿದ್ದರು. ಅದೂ ತಾಮ್ರವೇ, ಅದೇ ಚೌಕ ತೂತು, ಗಾತ್ರ ದೊಡ್ಡದು, ಮೇಲಿನ ಅಕ್ಷರ ಚಂದ. ತೂಗಿದರೆ ಮೂರು ಚಿಲ್ಲರೆ ಕಾಸಿನ ತಾಮ್ರ ಇರುತ್ತಿತ್ತು, ಆದರೆ ಹತ್ತು ಎಂದು ನಡೆಯಬೇಕೆಂದು ಅಪ್ಪಣೆ. ಮೂರನ್ನು ಕರಗಿಸಿ ಹತ್ತು ಮಾಡಬಹುದು ಎಂದರೆ ಯಾರು ಬಿಡುತ್ತಾರೆ. ಹಿತ್ತಿಲಲ್ಲಿ ಕುಲುಮೆ ಇಲ್ಲದ ಮನೆಯೇ ಇಲ್ಲ ಎನ್ನುವಂತಾಯಿತು. ಸಿಪಾಯಿಗಳು ಸಂಬಳದ ಹತ್ತರ ಕಾಸು ಹಿಡಿದು ಬೀದಿಗೆ ಬಂದರೆ ನಾವೆಲ್ಲ ಹಗಲಲ್ಲೇ ಅಂಗಡಿ ಹಲಗೆ ಹಾಕಿಕೊಳ್ಳುತ್ತಿದ್ದೆವು. ನಾನು ಸಾರಿನ ಪಾತ್ರೆ ಮುಚ್ಚಿ ತಲೆನೋವು ಎಂದು ಮಲಗಿಬಿಡುತ್ತಿದ್ದೆ. ಗೆಂಗ್ ಅತ್ತಿಗೆಯೂ ಹತ್ತರ ಕಾಸು ಮುಟ್ಟುತ್ತಿರಲಿಲ್ಲ. ಆಕೆ ಕೂಡಿಟ್ಟದ್ದೆಲ್ಲ ಚಿಲ್ಲರೆ ಕಾಸು, ಎಪ್ಪತ್ತೆರಡೆಪ್ಪತ್ತೆರಡು ಪೋಣಿಸಿದ ದಾರಗಳು.

ಅಷ್ಟು ತಾಮ್ರವನ್ನು ಎಲ್ಲಿ ಇಡುವುದು ಎನ್ನುವುದು ದೊಡ್ಡ ತಾಪತ್ರಯ. ಹಾಸಿಗೆಯ ಕೆಳಗೆ ಕಳ್ಳರು ಮೊದಲು ನೋಡುತ್ತಾರೆ, ನೆಲ ಅಗೆದರೆ ಮನೆಯ ಯಜಮಾನ ಬಾಯಿ ಮಾಡುತ್ತಾನೆ. ಆಕೆಗೆ ಒಂದು ಉಪಾಯ ಹೊಳೆಯಿತು. ಕೋಣೆಯಲ್ಲಿ ಮೀನನ್ನು ಉಪ್ಪು ಅಕ್ಕಿಯಲ್ಲಿ ಹುಳಿಯಲು ಹಾಕುವ ದೊಡ್ಡ ಜಾಡಿಗಳಿದ್ದವು. ಮುಚ್ಚಳ ತೆಗೆದರೆ ಮೂಗು ಒಡೆಯುವ ನಾತ. ಅದರ ತಳಕ್ಕೆ ಕಾಸಿನ ಸರಗಳನ್ನು ಇಳಿಸಿ ಮೇಲೆ ಮೀನು ತುಂಬಿದಳು. ಪಕ್ಕದ ಕೋಣೆಗೆ ಕಳ್ಳರು ನುಗ್ಗಿದಾಗ ಈಕೆಯ ಕೋಣೆಯನ್ನೂ ಜಾಲಾಡಿದರು, ಜಾಡಿ ತೆರೆದವನು ಕೆಮ್ಮುತ್ತ ಓಡಿಹೋದ. ಆ ವಾರವೆಲ್ಲ ಆಕೆ ಅವನ ಕೆಮ್ಮನ್ನು ಅಣಕಿಸಿ ತೋರಿಸಿ ನಮ್ಮನ್ನು ನಗಿಸಿದಳು.

ಆದರೆ ಉಪ್ಪುನೀರು ತಾಮ್ರವನ್ನು ಬಿಡುತ್ತದೆಯೇ. ಮೆಂಗ್ ಬರುವ ವಸಂತಕ್ಕೆ ಮುಂಚಿನ ಚಳಿಗಾಲದಲ್ಲಿ ಆಕೆ ಜಾಡಿ ಬಗ್ಗಿಸಿದಾಗ ಸೆಣಬಿನ ದಾರಗಳು ಕೊಳೆತು ಲೋಳೆಯಾಗಿದ್ದವು. ಕಾಸುಗಳು ಒಂದಕ್ಕೊಂದು ಅಂಟಿ ಹಸಿರು ಹಿಡಿದಿದ್ದವು. ಬೂದಿ ಹಾಕಿ ಉಜ್ಜಿದಳು, ಹುಳಿ ಹಾಕಿ ಉಜ್ಜಿದಳು. ಬೆರಳ ತುದಿಯೆಲ್ಲ ಹಸಿರಾಯಿತೇ ಹೊರತು ಕಾಸು ಕೆಂಪಾಗಲಿಲ್ಲ. ಎಣ್ಣೆಯಂಗಡಿಗೆ ಕೊಟ್ಟರೆ ಇದು ಗೋರಿ ಅಗೆದು ತಂದ ದುಡ್ಡು ಎಂದು ಹಿಂದಕ್ಕೆ ಎಸೆದರು. ಉಜ್ಜಿ ಒಣಗಿಸಿ ಎಣಿಸಿದರೆ ಮೀನಿನ ಲೆಕ್ಕದಲ್ಲಿ ಸರಿಯಾಗಿ ಇಪ್ಪತ್ತು ಸರ. ಬೀದಿ ಲೆಕ್ಕಕ್ಕೆ ಹಾಕಿದರೆ ನೂರಕ್ಕೆ ಮೂರು ಮೂರು ಕಾಸು ಕಡಿಮೆ ಬಿದ್ದು ಒಂದು ಸರಕ್ಕೆ ಹತ್ತಿರ ಹತ್ತಿರ ಕೊರತೆ.

ಅದೇ ಹೊತ್ತಿಗೆ ವಿಹಾರದಿಂದ ಮಾತು ಬಂತು. ದಿಕ್ಕಿಲ್ಲದ ಹೆಣಗಳಿಗೆಂದು ಸರ್ಕಾರ ಕೋಟೆಯ ಹೊರಗೆ ಒಂದು ಮಣ್ಣಿನ ಜಾಗ ಬಿಟ್ಟಿತ್ತು. ವರ್ಷಗಟ್ಟಲೆ ಬಿದ್ದಿರುವ ಪೆಟ್ಟಿಗೆಗಳನ್ನೆಲ್ಲ ಅಲ್ಲಿಗೆ ಸಾಗಿಸಬೇಕು, ವಸಂತದಲ್ಲಿ ಬರುವ ಸಮಾಧಿ ಗುಡಿಸುವ ಹಬ್ಬದ ತನಕ ಮಾತ್ರ ತಡೆಯುತ್ತೇವೆ ಎಂದು ಅಲ್ಲಿಯ ಭಿಕ್ಷು ಹೇಳಿ ಕಳಿಸಿದ. ಮೂರು ಸಾವಿರ ಹೆಣ ಮಣ್ಣು ಮಾಡಿಸಿದ ಭಿಕ್ಷುವಿಗೆ ಆಸ್ಥಾನದಿಂದ ನೇರಳೆ ಬಣ್ಣದ ನಿಲುವಂಗಿ ಸಿಗುತ್ತಿತ್ತು. ಈ ಭಿಕ್ಷುವಿಗೆ ಆ ನಿಲುವಂಗಿಯ ಮೇಲೆ ಕಣ್ಣಿತ್ತು. ನಾನು ಸುಮ್ಮನೆ ಹೇಳುತ್ತಿಲ್ಲ, ಎಷ್ಟಾಯಿತು ಎಷ್ಟಾಯಿತು ಎಂದು ಆತ ಲೆಕ್ಕ ಹಾಕಿಕೊಳ್ಳುವುದನ್ನು ನನ್ನ ಕಿವಿಯಾರೆ ಕೇಳಿದ್ದೇನೆ.

ಗೆಂಗ್ ಅತ್ತಿಗೆ ಹೆದರಲಿಲ್ಲ. ಹಬ್ಬಕ್ಕೆ ಮೊದಲೇ ಕಾಲುವೆಗೆ ನೀರು ಬಿಡುತ್ತಾರೆ, ಮೆಂಗ್ ಬರುತ್ತಾನೆ, ಕೊರತೆ ಬಿದ್ದ ಒಂದು ಸರವನ್ನು ಅಷ್ಟರಲ್ಲಿ ದುಡಿಯುತ್ತೇನೆ ಎಂದಳು. ಆದರೆ ಆ ಚಳಿಗಾಲ ಕಾಲುವೆ ತಳದವರೆಗೆ ಹೆಪ್ಪುಗಟ್ಟಿತು. ಮೀನೇ ಬರಲಿಲ್ಲ.

ಆಗ ಸಿಕ್ಕಿದವನು ಚಿನಿವಾರ ಪೇಯ್. ಸೇತುವೆಯ ಬಳಿ ನಾಣ್ಯ ಬದಲಾಯಿಸುವ ಅಂಗಡಿ ಅವನದು. ಬೆಣ್ಣೆಯಂಥ ಮಾತು, ಕುಂಕುಮದ ಬಣ್ಣದ ಕೆನ್ನೆ. ಹಸಿರು ಕಾಸನ್ನು ಕೈಯಲ್ಲಿ ಹಿಡಿದು ನೋಡಿ, ಕರಗಿಸಿದರೆ ಎಲ್ಲ ತಾಮ್ರವೂ ಒಂದೇ, ಎಲ್ಲವನ್ನೂ ತೆಗೆದುಕೊಳ್ಳುತ್ತೇನೆ ಎಂದ. ಬದಲಿಗೆ ಹತ್ತರ ಕಾಸು ಕೊಡುತ್ತೇನೆ ಎಂದ. ಅಷ್ಟೇ ಆಗಿದ್ದರೆ ಆಕೆ ಎದ್ದು ಬರುತ್ತಿದ್ದಳು. ಅವನು ಇನ್ನೊಂದು ಮಾತು ಸೇರಿಸಿದ. ವಿಧವೆ, ಪುಣ್ಯದ ಕೆಲಸಕ್ಕೆ ಕೂಡಿಟ್ಟ ದುಡ್ಡು, ಆದ್ದರಿಂದ ನಿನ್ನ ಎಪ್ಪತ್ತೆರಡನ್ನೇ ಬೀದಿಯ ನೂರು ಎಂದು ಹಿಡಿಯುತ್ತೇನೆ ಎಂದ.

ನೂರಕ್ಕೆ ಮೂರು ಕಾಸಿನ ದಯೆ. ಬಂದ ಹೊಸದರಲ್ಲಿ ಯಾವ ಲೆಕ್ಕದ ಮೇಲೆ ಆಕೆ ಚಳಿಗಾಲವೆಲ್ಲ ಜಗಳ ಆಡಿದ್ದಳೋ ಅದೇ ಲೆಕ್ಕ ಮೊದಲ ಸಲ ಆಕೆಯ ಕಡೆಗೆ ವಾಲಿತ್ತು. ಕೊರತೆ ತುಂಬಿತು. ಜೊತೆಗೆ ಒಬ್ಬ ಗಂಡಸಿಗೂ ಎತ್ತಲಾಗದ ತಾಮ್ರ ಒಂದು ಹೆಗಲಿನ ಚೀಲವಾಯಿತು. ದೊಡ್ಡ ಕಾಸನ್ನು ಕಾಲುವೆಯ ಸುಂಕದ ಕಟ್ಟೆಯವರು ಬೇಡ ಎನ್ನುವಂತಿಲ್ಲ, ಸರ್ಕಾರದ ಕಾಸು ಸರ್ಕಾರಕ್ಕೇ ಹೋಗುತ್ತದೆ, ಹಾಗಾಗಿ ಮೆಂಗ್ ಕೂಡ ಹತ್ತರ ಕಾಸು ತೆಗೆದುಕೊಳ್ಳುವವನೇ. ಆಕೆ ಎಲ್ಲ ಕಡೆಯಿಂದಲೂ ಯೋಚಿಸಿಯೇ ಕೊಟ್ಟಳು. ಈಗಲೂ ನಾನು ಕೂತು ನೋಡುತ್ತೇನೆ, ಆಕೆ ಎಲ್ಲಿ ತಪ್ಪಿದಳು ಎಂದು. ಆಕೆಯ ಜಾಗದಲ್ಲಿ ನಾನಿದ್ದರೂ ಕೊಡುತ್ತಿದ್ದೆ.

ಅಂದು ಆಕೆ ಚೀಲ ಹೊತ್ತು ನೇರ ನನ್ನ ಅಂಗಡಿಗೆ ಬಂದು ಬೆಂಚಿನ ಮೇಲೆ ಕೂತಳು. ಅಷ್ಟು ವರ್ಷದಲ್ಲಿ ಮೊದಲ ಸಲ.

"ಒಂದು ಬಟ್ಟಲು ಹಾಕಿ ಯಿನ್ ಅಣ್ಣ. ನಾಲಿಗೆ ತುಂಡೂ ಹಾಕಿ. ಜಿಪುಣತನ ಮಾಡ್ಬೇಡಿ."

"ದುಡ್ಡು ದೊಡ್ಡದಾ ಚಿಕ್ಕದಾ ಅತ್ತಿಗೆ? ದೊಡ್ಡದಾದ್ರೆ ನಂಗೆ ಈಗ್ಲೇ ತಲೆನೋವು."

ಆಕೆ ನಕ್ಕು ಸೊಂಟದಿಂದ ಚಿಲ್ಲರೆ ಕಾಸು ತೆಗೆದು ಇಟ್ಟಳು. ವ್ಯಾಪಾರಕ್ಕೆಂದು ಉಳಿಸಿಕೊಂಡಿದ್ದ ಹಸಿರು ಹಿಡಿದ ಕಾಸುಗಳು. ಬೇಡ ಎಂದರೆ ಕೇಳಲಿಲ್ಲ. ಸಾರು ಕುಡಿಯುವಾಗ ಆಕೆಯ ಕಣ್ಣಲ್ಲಿ ನೀರು ಬಂತು, ನಿಮ್ಮ ಹೊಗೆ ಎಂದು ನನ್ನ ಮೇಲೆ ಹಾಕಿದಳು. ಅತ್ತೆಯ ಸಮಾಧಿಯ ಪಕ್ಕ ಒಂದು ಕುರಿಯಷ್ಟು ದೊಡ್ಡ ಕಲ್ಲಿದೆ, ಅತ್ತೆ ಬದುಕಿದ್ದಾಗ ಅದರ ಮೇಲೆ ಕೂತು ಬೈಯುತ್ತಿದ್ದಳು, ಇನ್ನು ಮಗನನ್ನು ಎಷ್ಟು ಬೇಕಾದರೂ ಬೈದುಕೊಳ್ಳಲಿ ಎಂದಳು. ಆ ಹಸಿರು ಕಾಸುಗಳನ್ನು ನನ್ನ ಕೈಯಿಂದ ಯಾರೂ ತೆಗೆದುಕೊಳ್ಳಲಿಲ್ಲ. ನಾನು ಹಣ ಹಾಕಿಡುವ ಸೋರೆ ಬುರುಡೆಯ ತಳದಲ್ಲಿ ಹಾಗೇ ಉಳಿದವು.

ಕಾಲುವೆಯ ಬಾಯಿ ತೆರೆದು ನೀರು ಬಂತು. ಮೊದಲ ದೋಣಿಗಳು ಇಂದೋ ನಾಳೆಯೋ ಎನ್ನುವಾಗ ನೀರುಬಾಗಿಲಿಗೆ ಅಪ್ಪಣೆ ಅಂಟಿಸಿದರು. ಓದಲು ಬಾರದವರಿಗೆ ಡಂಗುರದವನು ಕೂಗಿ ಹೇಳಿದ. ಖೋಟಾ ಕಾಸು ಹೆಚ್ಚಿರುವುದರಿಂದ, ಇಂದಿನಿಂದ ಹತ್ತರ ಕಾಸು ಎಲ್ಲ ಕಡೆಯೂ ಮೂರಕ್ಕೆ ನಡೆಯತಕ್ಕದ್ದು.

ರೇಷ್ಮೆಯ ವ್ಯಾಪಾರಿಯೊಬ್ಬ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಗೆಂಗ್ ಅತ್ತಿಗೆ ಕೈಯ ನೀರನ್ನು ಬಟ್ಟೆಗೆ ಒರೆಸಿಕೊಳ್ಳುತ್ತ ಜನರನ್ನು ಸರಿಸಿಕೊಂಡು ಡಂಗುರದವನ ಹತ್ತಿರ ಹೋದಳು.

"ಮೂರು ಅಂದ್ರಲ್ಲಪ್ಪ, ಅದು ಯಾವ ಲೆಕ್ಕದ ಮೂರು? ಮೀನಿನ ಲೆಕ್ಕದ್ದಾ, ಬೀದಿದಾ?"

"ಮೂರಕ್ಕೆ ಎಂಥ ಲೆಕ್ಕ ಅಜ್ಜಿ," ಎಂದು ಅವನು ನಕ್ಕ. "ಒಂದು, ಎರಡು, ಮೂರು."

ನನಗೆ ಅವನ ಹಲ್ಲು ಉದುರಿಸಬೇಕು ಎನಿಸಿತು. ಎಲ್ಲದಕ್ಕೂ ಎರಡೆರಡು ಲೆಕ್ಕ ಇರುವ ಊರಿನಲ್ಲಿ ಇದಕ್ಕೂ ಎಲ್ಲೋ ಇನ್ನೊಂದು ಲೆಕ್ಕ ಇರಬಹುದು, ಅಲ್ಲಿ ಮೂರು ಹೆಚ್ಚಾಗಬಹುದು ಎಂದು ಆಕೆ ಕೇಳಿದ್ದಳು. ಇರಲಿಲ್ಲ. ಇಪ್ಪತ್ತು ಸರ ಆರು ಸರವಾಗಿತ್ತು.

ಪೇಯ್‌ನ ಅಂಗಡಿಗೆ ನಾನೂ ಆಕೆಯ ಜೊತೆ ಹೋದೆ. ಅವನ ಪೆಟ್ಟಿಗೆಗಳಲ್ಲಿ ಹತ್ತರ ಕಾಸು ಒಂದೂ ಇರಲಿಲ್ಲ, ಗೋಡೆಯ ಉದ್ದಕ್ಕೂ ಚಿಲ್ಲರೆ ಕಾಸಿನ ಸರಗಳು ತೂಗುತ್ತಿದ್ದವು. ಅದನ್ನು ನೋಡಿದ ಮೇಲೆ ಯಾರೂ ನನಗೆ ಏನೂ ಹೇಳಬೇಕಾಗಿರಲಿಲ್ಲ. ಆಸ್ಥಾನದ ಮಾತು ಇವನ ಕಿವಿಗೆ ಚಳಿಗಾಲದಲ್ಲೇ ಬಿದ್ದಿತ್ತು. ನಾನು ಬಾಯಿಗೆ ಬಂದಂತೆ ಬೈದೆ. ಅವನು ಕೋಪ ಮಾಡಿಕೊಳ್ಳಲಿಲ್ಲ.

"ನಾನು ಕೊಟ್ಟ ದಿನ ಅದು ಹತ್ತೇ ಆಗಿತ್ತಲ್ಲ ತಾಯಿ. ನೂರಕ್ಕೆ ಮೂರು ಕಾಸು ಹೆಚ್ಚಿಗೇ ಹಿಡಿದಿದ್ದೆ. ನಂದೇನು ತಪ್ಪು ಹೇಳಿ."

ಆಕೆ ಅವನ ಮುಖ ನೋಡಲಿಲ್ಲ. ಗೋಡೆಯ ಮೇಲಿನ ಸರಗಳನ್ನು ನೋಡುತ್ತಿದ್ದಳು. ಅದರಲ್ಲಿ ಕೆಲವು ಹಸಿರಾಗಿದ್ದವು. ಆಕೆ ಕೈ ಚಾಚಿ ಒಂದನ್ನು ಮುಟ್ಟಿದಳು, ಪೇಯ್ ಆ ಕೈಯನ್ನು ಮೆಲ್ಲಗೆ ಸರಿಸಿದ. ನಾವು ಹೊರಗೆ ಬಂದೆವು.

ಮೆಂಗ್ ಮಾರನೆಯ ವಾರ ಬಂದ. ಅವನು ಕೆಟ್ಟವನಲ್ಲ. ಅವನ ಕೈಯಲ್ಲೂ ಹತ್ತರ ಕಾಸು ಇದ್ದವು, ಅವನೂ ಕಳೆದುಕೊಂಡಿದ್ದ. ಪೆಟ್ಟಿಗೆ ಒಯ್ದರೆ ಹಿಂದಕ್ಕೆ ಬರುವಾಗಲೂ ಸರಕು ಸಿಗುವುದಿಲ್ಲ, ಆರು ಸರಕ್ಕೆ ಎಳೆಯುವ ಆಳುಗಳ ಊಟವೂ ಹುಟ್ಟುವುದಿಲ್ಲ ಎಂದ. ಆಮೇಲೆ ಮೆಲ್ಲಗೆ ಹೇಳಿದ.

"ಬೂದಿ ಮಡಕೆ ಆದ್ರೆ ಯಾರಿಗೂ ಗೊತ್ತಾಗಲ್ಲ ಅತ್ತಿಗೆ. ಮೂರು ಸರ ಕೊಡಿ, ನಿಮ್ಮನ್ನೂ ಕೂರಿಸ್ಕೊಂಡು ಹೋಗ್ತೀನಿ. ನಾನು ಇಲ್ಲಿರೋದು ಅಕ್ಕಿ ಇಳಿಯೋ ತನಕ ಮಾತ್ರ."

ಆಕೆ ತಲೆಯಲ್ಲಾಡಿಸಿ ಎದ್ದು ಹೋದಳು. ಅಕ್ಕಿ ಇಳಿಯುವವರೆಗೆ ಆಕೆ ಪಟ್ಟಣದಲ್ಲಿ ಬಡಿಯದ ಬಾಗಿಲಿಲ್ಲ. ಹತ್ತರ ಕಾಸನ್ನು ನಾಲ್ಕಕ್ಕೆ ತೆಗೆದುಕೊಳ್ಳುವಿರಾ, ಮೂರೂವರೆಗೆ ತೆಗೆದುಕೊಳ್ಳುವಿರಾ ಎಂದು ಕೇಳಿದಳು. ತೊಟ್ಟಿ ಮಾರಲು ನೋಡಿದಳು. ನಾನು ನನ್ನಲ್ಲಿದ್ದ ಒಂದು ಸರ ಕೊಡಲು ಹೋದೆ, ಇದರಿಂದ ಆಗುವುದೂ ಇಲ್ಲ, ನಿಮ್ಮ ಹೆಂಡತಿಯ ಬೈಗುಳ ಬೇರೆ ಎಂದು ಹಿಂದಕ್ಕೆ ತಳ್ಳಿದಳು. ಹಬ್ಬ ಹತ್ತಿರ ಬರುತ್ತಿತ್ತು. ಸುಡದಿದ್ದರೆ ಸರ್ಕಾರದ ಗುಂಡಿ, ಗೊತ್ತಿಲ್ಲದವರ ನಡುವೆ. ಸುಟ್ಟರೆ ಬೂದಿಯಾದರೂ ತಾಯಿಯ ಕಾಲ ಬಳಿ ಸೇರುತ್ತದೆ. ಹೇಗೆ ತಿರುಗಿಸಿ ಹಿಡಿದರೂ ಕೊಟ್ಟ ಮಾತಿನಲ್ಲಿ ಅರ್ಧ ಮಾತ್ರ ಉಳಿಯುತ್ತಿತ್ತು. ಯಾವ ಅರ್ಧ ಎನ್ನುವುದಷ್ಟೇ ಆಕೆಯ ಕೈಯಲ್ಲಿತ್ತು.

ಮೆಂಗ್ ಹೊರಡುವ ಹಿಂದಿನ ಬೆಳಿಗ್ಗೆ ಆಕೆ ನನ್ನ ಒಲೆಯ ಮುಂದೆ ಬಂದು ನಿಂತಳು. ಕೈಯಲ್ಲಿ ಹೊಸ ಮಡಕೆಯೊಂದಿತ್ತು.

"ಜೊತೆಗೆ ಬರ್ತೀರಾ ಅಣ್ಣ? ಸುಡೋದನ್ನ ಒಬ್ಬಳೇ ನೋಡೋಕಾಗಲ್ಲ."

ನಾನು ಒಲೆ ಆರಿಸಿ ಹೊರಟೆ. ದಾರಿಯಲ್ಲಿ ಆಕೆ, ಅವರಿಗೆ ಬಿಸಿ ಅಂದರೆ ಆಗುತ್ತಿರಲಿಲ್ಲ, ಗಂಜಿಯನ್ನೂ ಆರಿಸಿಕೊಂಡೇ ಕುಡಿಯುತ್ತಿದ್ದರು ಎಂದಳು.

ವಿಹಾರದ ಹಿಂದಿನ ಕೊಟ್ಟಿಗೆ ಖಾಲಿಯಿತ್ತು. ನೆಲ ಗುಡಿಸಿತ್ತು. ಪೆಟ್ಟಿಗೆಗಳನ್ನು ಇಟ್ಟಿದ್ದ ಇಟ್ಟಿಗೆಗಳನ್ನು ಒಂದು ಮೂಲೆಗೆ ಜೋಡಿಸಿದ್ದರು. ಭಿಕ್ಷು ಕೈ ಮುಗಿದು ಬಂದು, ಹಬ್ಬಕ್ಕೆ ಜನ ಹೆಚ್ಚು ಬರುತ್ತಾರೆ, ಗಾಡಿಗಳು ಸಿಗುವುದಿಲ್ಲ, ಅದಕ್ಕೇ ಮುಂಚೆಯೇ ಎಲ್ಲವನ್ನೂ ಸಾಗಿಸಿಬಿಟ್ಟೆವು ಎಂದ. ಹಬ್ಬದ ತನಕ ತಡೆಯುತ್ತೇವೆ ಎಂದಿರಲ್ಲ ಎಂದು ನಾನು ಕೇಳಿದೆ. ಮಣ್ಣು ಸೇರುವುದು ಬೇಗ ಆದಷ್ಟೂ ಸತ್ತವರಿಗೆ ಒಳ್ಳೆಯದು ಎಂದ. ಅವನ ಮುಖದಲ್ಲಿ ಒಂದಿಷ್ಟೂ ನಾಚಿಕೆ ಇರಲಿಲ್ಲ.

ಸರ್ಕಾರದ ಜಾಗಕ್ಕೆ ಹೋದೆವು. ಹೊಸ ಮಣ್ಣಿನ ದಿಬ್ಬಗಳ ಸಾಲು, ಒಂದೊಂದರ ತಲೆಯಲ್ಲಿ ಒಂದು ಅಕ್ಷರ ಕೊರೆದ ಇಟ್ಟಿಗೆ. ಕಾವಲಿನವನು ಒಳ್ಳೆಯ ಮುದುಕ. ಎಷ್ಟೋ ವಿಹಾರಗಳಿಂದ ಒಂದೇ ಸಲ ಗಾಡಿಗಟ್ಟಲೆ ಬಂದವು, ದಾರಿಯಲ್ಲಿ ಹೆಸರಿನ ಕಾಗದಗಳು ಕಿತ್ತುಹೋದವು, ಪೆಟ್ಟಿಗೆಗಳನ್ನು ಒಡೆದು ಹೆಣಗಳನ್ನು ಸರ್ಕಾರದ ಮಣ್ಣಿನ ಜಾಡಿಗಳಿಗೆ ಹಾಕಿ ಇಳಿಸಿದೆವು, ಈ ಸಾಲಿನಲ್ಲೇ ಎಲ್ಲೋ ಇರಬೇಕು ತಾಯಿ ಎಂದ. ಸಾಲಿನ ಆ ತುದಿ ಕಾಣುತ್ತಿರಲಿಲ್ಲ. ಆಕೆ ಮಾಡಿಸಿದ್ದ ದೇವದಾರು ಹಲಗೆಗಳು ಎಲ್ಲಿ ಹೋದವೆಂದು ನಾನು ಕೇಳಲಿಲ್ಲ.

ಗೆಂಗ್ ಅತ್ತಿಗೆ ಸಾಲಿನ ಉದ್ದಕ್ಕೂ ನಡೆದಳು. ಒಂದೊಂದು ಇಟ್ಟಿಗೆಯ ಮುಂದೆಯೂ ಒಂದು ಕ್ಷಣ ನಿಲ್ಲುತ್ತಿದ್ದಳು. ಹಿಂದಕ್ಕೆ ಬಂದಾಗ ಅಳುತ್ತಿರಲಿಲ್ಲ. ಮಡಕೆಯನ್ನು ಕಾವಲಿನವನಿಗೆ ನೀರಿಗೆ ಇಟ್ಟುಕೊಳ್ಳಿ ಎಂದು ಕೊಟ್ಟಳು.

"ಸುಡೋಕೆ ಒಪ್ಕೊಂಡೆ ಅಂತ ಅವರಿಗೆ ಗೊತ್ತಾಗಿರ್ಬೇಕು ಅಣ್ಣ," ಎಂದಳು. "ಅದಕ್ಕೇ ನಾನು ಬರೋಷ್ಟರಲ್ಲಿ ಎದ್ದು ಹೋಗ್ಬಿಟ್ರು."

ಹಾಗಲ್ಲ ಅತ್ತಿಗೆ ಎಂದು ನಾನು ದಾರಿಯುದ್ದಕ್ಕೂ ಹೇಳಿದೆ. ಆಕೆಗೆ ಕೇಳಿಸಲಿಲ್ಲ.

ಮೆಂಗ್ ದೋಣಿ ಖಾಲಿ ಹೋಯಿತು. ಆಕೆ ಮತ್ತೆ ತೊಟ್ಟಿಯ ಮುಂದೆ ಕೂತಳು, ಏಕೆಂದರೆ ಕೂರದೆ ಇನ್ನೇನು ಮಾಡಬೇಕು. ಆದರೆ ಎಣಿಸುವುದನ್ನು ಬಿಟ್ಟುಬಿಟ್ಟಳು. ಕೊಟ್ಟ ದಾರವನ್ನು ಹಾಗೇ ತೊಟ್ಟಿಯ ಪಕ್ಕಕ್ಕೆ ಹಾಕುತ್ತಿದ್ದಳು. ಎಪ್ಪತ್ತೆರಡು ಎಪ್ಪತ್ತಾಯಿತು, ಅರವತ್ತಾಯಿತು. ಯಾವ ಅಡುಗೆಯವನಿಗೆ ತಲೆ ಬಾಲ ಕಡಿದು ಕೊಟ್ಟಿದ್ದಳೋ ಅವನೇ ಸೀಸದ ಖೋಟಾ ಕಾಸು ಕೊಟ್ಟು ಇಡೀ ಮೀನು ಒಯ್ಯತೊಡಗಿದ. ನಾನು ಅವನ ಕೊರಳಪಟ್ಟಿ ಹಿಡಿದಾಗ ಆಕೆ, ಬಿಡಿ ಅಣ್ಣ, ಅದು ಎಷ್ಟಿದ್ದರೂ ಅಷ್ಟೇ ಎನ್ನುವ ಹಾಗೆ ಕೈ ಆಡಿಸಿದಳು. ನನ್ನ ಹೊಗೆಯ ಬಗ್ಗೆ ಬೈಯುವುದನ್ನೂ ನಿಲ್ಲಿಸಿದಳು. ಬೈಯಲಿ ಎಂದು ಬೇಕೆಂದೇ ಹಸಿ ಕಟ್ಟಿಗೆ ಹಾಕಿ ಊದಿದ ದಿನಗಳೂ ಉಂಟು. ಕಣ್ಣುಜ್ಜಿಕೊಂಡು ಸುಮ್ಮನೆ ಕೂತಿರುತ್ತಿದ್ದಳು. ಹುಣ್ಣಿಮೆಗೆ ಅನ್ನ ಒಯ್ಯುತ್ತಿದ್ದಳೋ ಇಲ್ಲವೋ ಗೊತ್ತಿಲ್ಲ, ಒಯ್ದರೂ ಯಾವ ಇಟ್ಟಿಗೆಯ ಮುಂದೆ ಇಡಬೇಕು.

ಎರಡನೆಯ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ತೊಟ್ಟಿಯ ಮೇಲೆ ಮಂಜುಗಡ್ಡೆ ಕಟ್ಟಿದ್ದರೂ ಒಡೆಯುವವರು ಬರಲಿಲ್ಲ. ನಾನೂ ನನ್ನ ಹೆಂಡತಿಯೂ ಹೋಗಿ ನೋಡಿದೆವು. ಗೋಡೆಗೆ ಮುಖ ಮಾಡಿ ಮಲಗಿದ್ದಳು. ಹಾಸಿಗೆಯ ಕೆಳಗೆ, ಕಳ್ಳರು ಮೊದಲು ನೋಡುವ ಜಾಗದಲ್ಲೇ, ಆ ಚೀಲವಿತ್ತು. ಹತ್ತರ ಕಾಸುಗಳು. ಆಕೆ ಒಂದನ್ನೂ ಖರ್ಚು ಮಾಡಿರಲಿಲ್ಲ.

ಸತ್ತವರ ಬಾಯಿಗೆ ಒಂದು ಕಾಸು ಇಡಬೇಕು. ನಾನು ಚೀಲದಿಂದ ಒಂದು ಹತ್ತರ ಕಾಸನ್ನು ತೆಗೆದು, ಚೆನ್ನಾಗಿ ಹೊಳೆಯುವುದನ್ನು ಆರಿಸಿ, ಒರೆಸಿದೆ.

"ದೊಡ್ಡದು ಯಾಕ್ರೀ?" ಎಂದಳು ನನ್ನ ಹೆಂಡತಿ.

"ಅಲ್ಲಾದ್ರೂ ಹತ್ತಕ್ಕೆ ನಡೀಲಿ."

ಚಳಿಗೆ ದವಡೆ ಬಿಗಿದಿತ್ತು. ದೊಡ್ಡ ಕಾಸು ಹಲ್ಲಿನ ನಡುವೆ ಹೋಗಲಿಲ್ಲ. ಓರೆ ಮಾಡಿ ನೋಡಿದೆ, ಆಗಲಿಲ್ಲ. ಒತ್ತಿದರೆ ಹಲ್ಲು ಮುರಿಯುತ್ತದೆ ಎಂದು ಹೆಂಡತಿ ನನ್ನ ಕೈ ಹಿಡಿದಳು. ಅಷ್ಟರಲ್ಲಿ ಕೇರಿಯ ಅಧಿಕಾರಿ ಬಂದು ಮಣ್ಣು ಮಾಡುವ ಖರ್ಚಿಗೆಂದು ಚೀಲವನ್ನು ಎತ್ತಿಕೊಂಡ. ನನ್ನ ಕೈಯಲ್ಲಿದ್ದದ್ದನ್ನೂ ಕೇಳಿ ಇಸಿದುಕೊಂಡು, ಒಂದಕ್ಕೆ ಮೂರರಂತೆ ಎಣಿಸಿದ. ಆಕೆಯನ್ನೂ ಅದೇ ಸರ್ಕಾರದ ಜಾಗಕ್ಕೆ ಒಯ್ಯುತ್ತೇವೆ, ಸಾಲು ಮಾತ್ರ ಬೇರೆ ಎಂದ.

ನಾನು ಅಂಗಡಿಗೆ ಹೋಗಿ ಹಣದ ಬುರುಡೆಯನ್ನು ಬೆಂಚಿನ ಮೇಲೆ ಬಗ್ಗಿಸಿದೆ. ತಳದಲ್ಲಿ ಆಕೆ ಸಾರು ಕುಡಿದ ದಿನ ಕೊಟ್ಟಿದ್ದ ಚಿಲ್ಲರೆ ಕಾಸುಗಳಿದ್ದವು. ಒಂದನ್ನು ತೆಗೆದುಕೊಂಡು ಹಿಂದಕ್ಕೆ ಬಂದೆ. ಹಸಿರು ಹಿಡಿದಿದ್ದ ಆ ಸಣ್ಣ ಕಾಸು ತಡೆಯಿಲ್ಲದೆ ಒಳಗೆ ಹೋಯಿತು.